ಒಂದು ತೋಟ, ನಾಲ್ಕು ಕಚೇರಿ

ಪ್ರತಿ ವರ್ಷವೂ ರಾಜ್ಯದ ಮುಂಗಡಪತ್ರ ಮಂಡನೆಗೆ ಮೊದಲು ಬೆಳೆಗಾರರ ಸಂಘಸಂಸ್ಥೆಗಳು ಮನವಿಪತ್ರಗಳನ್ನು ಸಿದ್ಧಪಡಿಸುವುದು ವಾಡಿಕೆ. ಸಾಲ ಮನ್ನಾ, ಬಡ್ಡಿ ರಿಯಾಯಿತಿ, ಬೆಂಬಲ ಬೆಲೆ, ಆನೆ ಕಂದಕ, ಗೊಬ್ಬರದ ಸಹಾಯಧನ, ತೋಟದ ರಸ್ತೆ, ವಿದ್ಯುತ್ತು, ಕೊಳೆರೋಗ ಪರಿಹಾರ ಎಂದು ಬೇಡಿಕೆಗಳ ಪಟ್ಟಿ ಬೆಳೆಯುತ್ತದೆ. ಮಂತ್ರಿಗಳು ಪತ್ರವನ್ನು ಗೌರವದಿಂದ ಸ್ವೀಕರಿಸುತ್ತಾರೆ, ಪರಿಶೀಲಿಸುವುದಾಗಿ ಹೇಳುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. ಮರುವರ್ಷ ಅದೇ ಪಟ್ಟಿಗೆ ಇನ್ನೆರಡು ಸಾಲು ಸೇರುತ್ತದೆ.

ಇವುಗಳಲ್ಲಿ ಯಾವ ಬೇಡಿಕೆಯೂ ಸುಳ್ಳಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಿದಾಗ ಯಾವುದು ಮೊದಲು ಬೇಕೆಂಬುದು ಕೊಡುವವರಿಗೆ ತಿಳಿಯುವುದಿಲ್ಲ. ಕೊಡಲು ಮನಸ್ಸಿಲ್ಲದವರಿಗೆ ಅದು ಅನುಕೂಲವೂ ಆಗುತ್ತದೆ. ಆದುದರಿಂದ ನಮ್ಮ ಸಣ್ಣ ಬೆಳೆಗಾರರ ದೃಷ್ಟಿಯಿಂದ ಯಾವ ಕೆಲಸ ಮೊದಲು, ಯಾವುದು ಅನಂತರ, ಯಾವುದನ್ನು ಯಾರಲ್ಲಿ ಕೇಳಬೇಕು ಎಂಬುದನ್ನು ಸದಸ್ಯ ಬಂಧುಗಳ ಮುಂದೆ ಚರ್ಚೆಗೆ ಇಡಬಯಸುತ್ತೇವೆ.

ಸಣ್ಣ ಬೆಳೆಗಾರನ ವಿಳಾಸ

ಮಲೆನಾಡಿನಲ್ಲಿ ಮೂರು ಎಕರೆಯ ಒಂದು ತೋಟವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮೇಲಿನ ಏರಿನಲ್ಲಿ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು, ತಗ್ಗಿನಲ್ಲಿ ಅಡಿಕೆ, ಹಳ್ಳದ ಬದಿಯಲ್ಲಿ ನಾಲ್ಕು ಸಾಲು ಏಲಕ್ಕಿ. ಬೆಳೆಗಾರನಿಗೆ ಇದು ಒಂದೇ ತೋಟ. ಒಂದೇ ಕುಟುಂಬ ಅದರಲ್ಲಿ ದುಡಿಯುತ್ತದೆ, ಒಂದೇ ಮಳೆ ಅದರ ಮೇಲೆ ಬೀಳುತ್ತದೆ, ಒಂದೇ ಸಾಲ ಅದರ ಮೇಲೆ ಇದೆ.

ಸರಕಾರಕ್ಕೆ ಇದು ಒಂದು ತೋಟವಲ್ಲ. ಕಾಫಿಯ ವಿಷಯಕ್ಕೆ ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಸೇರಿದ ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯ ಬಳಿಗೆ ಹೋಗಬೇಕು. ಏಲಕ್ಕಿಗೆ ಸಂಬಾರ ಮಂಡಳಿ. ಅಡಿಕೆ, ಮೆಣಸಿಗೆ ರಾಜ್ಯದ ತೋಟಗಾರಿಕೆ ಇಲಾಖೆ. ಈ ಮೂವರಲ್ಲಿ ಯಾರ ಬಳಿಗೆ ಹೋದರೂ ಮೊದಲು ಕೇಳುವುದು ಪಹಣಿಯನ್ನು. ಅದು ಕಂದಾಯ ಇಲಾಖೆಯ ಕೈಯಲ್ಲಿದೆ. ಮೂರು ಎಕರೆಗೆ ನಾಲ್ಕು ಕಚೇರಿಗಳಾದವು. ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆಯವರೆಗೆ ಇರುವವನು ಸಣ್ಣ ಬೆಳೆಗಾರ. ಕೃಷಿ ಇಲಾಖೆಗಳ ಲೆಕ್ಕದಲ್ಲಿ ಸಣ್ಣ ರೈತನ ಮಿತಿ 2 ಹೆಕ್ಟೇರ್, ಅಂದರೆ ಸುಮಾರು ಐದು ಎಕರೆ. ಮೂರು ಎಕರೆಯವನು ಒಂದು ಕಡೆ ಇಪ್ಪತ್ತನಾಲ್ಕು ಎಕರೆಯವನ ಜೊತೆ ಸಾಲಿನಲ್ಲಿ ನಿಲ್ಲುತ್ತಾನೆ, ಇನ್ನೊಂದು ಕಡೆ ಅವನ ಮುಖ್ಯ ಬೆಳೆಯೇ ಪಟ್ಟಿಯಲ್ಲಿ ಇರುವುದಿಲ್ಲ.

ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದಲ್ಲಿ ಬೆಳೆಯುತ್ತದೆ. ಅಡಿಕೆಯಲ್ಲಿಯೂ ಕರ್ನಾಟಕವೇ ಮೊದಲನೆಯದು. ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು 10 ಹೆಕ್ಟೇರಿಗೆ ಒಳಗಿನವು. ಹೀಗಿದ್ದರೂ ನೀತಿಯನ್ನು ಬರೆಯುವಾಗ ಕಣ್ಣ ಮುಂದೆ ಬರುವುದು ಬಂಗಲೆ, ರೈಟರು, ಲೈನುಮನೆಗಳಿರುವ ಎಸ್ಟೇಟಿನ ಚಿತ್ರ. ನಾವು ಹೇಳಬೇಕಾದ ಮುಖ್ಯ ಮಾತು ಇಷ್ಟೇ: ನೀತಿಯು ಬೆಳೆಯನ್ನು ನೋಡಿ ಬರೆದುದಾಗಿರದೆ ತೋಟವನ್ನು ನೋಡಿ ಬರೆದುದಾಗಿರಬೇಕು. ಮುಂದಿನ ಆದ್ಯತೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಮೊದಲನೆಯದು: ಪಹಣಿ ಮತ್ತು ಪೋಡಿ

ಮೊದಲ ಆದ್ಯತೆ ಹಣದ್ದಲ್ಲ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಆದರೆ ಜಮೀನಿನ ದಾಖಲೆ ಸರಿ ಇಲ್ಲದವನಿಗೆ ಸರಕಾರ ಎಷ್ಟು ಹಣ ತೆಗೆದಿಟ್ಟರೂ ಅದು ತಲುಪುವುದಿಲ್ಲ. ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಬೇಲಿ ಹಾಕಿಕೊಂಡ ತೋಟ, ಒಂದೇ ಸರ್ವೆ ನಂಬರಿನಲ್ಲಿ ಹತ್ತು ಹದಿನೈದು ಹೆಸರು, ಮಂಜೂರಾಗಿ ಮೂವತ್ತು ವರ್ಷವಾದರೂ ದುರಸ್ತಿಯಾಗದ ಜಮೀನು ಇಲ್ಲದ ಗ್ರಾಮ ನಮ್ಮ ಭಾಗದಲ್ಲಿ ವಿರಳ. ಇದರ ಮೇಲೆ ಕೊಡಗಿನಲ್ಲಿ ಜಮ್ಮಾ ಬಾಣೆ, ದಕ್ಷಿಣ ಕನ್ನಡದಲ್ಲಿ ಕುಮ್ಕಿ, ಸಾಗರ ಸಿರಸಿಗಳ ಕಡೆ ಸೊಪ್ಪಿನ ಬೆಟ್ಟ ಎಂದು ಒಂದೊಂದು ಸೀಮೆಗೆ ಒಂದೊಂದು ಹಕ್ಕಿನ ಕಗ್ಗಂಟು ಬೇರೆ.

2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ರಾಜ್ಯದ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಅದು ದೊಡ್ಡ ಕೆಲಸವೇ ಸರಿ. ಆದರೆ ಕಾಗದದ ಮೇಲಿದ್ದ ತಪ್ಪು ಯಂತ್ರಕ್ಕೆ ಏರಿದರೆ ಒಪ್ಪಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಇಂದು ಸರಕಾರದ ಸವಲತ್ತು ಪಡೆಯಲು ಫ್ರೂಟ್ಸ್ ನೋಂದಣಿ ಸಂಖ್ಯೆ ಬೇಕು. ಅದಕ್ಕೆ ತನ್ನ ಹೆಸರಿನ ಪಹಣಿ ಬೇಕು. ಬೆಳೆ ವಿಮೆಯ ಹಣ ಬರಬೇಕಾದರೆ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ವಿಮೆಗೆ ಬರೆಸಿದ ಬೆಳೆಯೂ ತಾಳೆಯಾಗಬೇಕು. ಕಾಫಿಯ ನಡುವೆ ಇರುವ ಮೆಣಸು ಸಮೀಕ್ಷೆಯಲ್ಲಿ ಬಿಟ್ಟುಹೋದರೆ, ಬಳ್ಳಿ ಮರದ ಮೇಲೆ ಇದ್ದರೂ ಲೆಕ್ಕದಲ್ಲಿ ಇಲ್ಲ.

ಈಗ ಕಡಲಾಚೆಯಿಂದಲೂ ಇದೇ ಪ್ರಶ್ನೆ ಬರುತ್ತಿದೆ. ಅರಣ್ಯ ನಾಶದಿಂದ ಬಂದ ಸರಕು ತಮ್ಮಲ್ಲಿಗೆ ಬರಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾಯಿದೆ ಮಾಡಿತು. ಕಾಫಿ ಅದರ ಪಟ್ಟಿಯಲ್ಲಿದೆ. 2020ರ ಡಿಸೆಂಬರ್ 31ರ ಅನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಯಾವ ತೋಟದಲ್ಲಿ ಬೆಳೆದುದೆಂದು ಭೂಪಟದ ಮೇಲೆ ಗುರುತು ಕೊಡಬೇಕು. 4 ಹೆಕ್ಟೇರಿಗೆ ಒಳಗಿನ ತೋಟಕ್ಕೆ ಒಂದು ಬಿಂದುವಿನ ಗುರುತು ಸಾಕು. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಬಾರಿ ಮುಂದೂಡಿದ್ದಾರೆ. ಮುಂದೂಡಿದ್ದಾರೆ ಎಂದ ಮಾತ್ರಕ್ಕೆ ಕೈಬಿಟ್ಟಿದ್ದಾರೆ ಎಂದು ತಿಳಿಯಬಾರದು. ನಮ್ಮ ಕಾಫಿಯ ಬಹುಪಾಲು ವಿದೇಶಕ್ಕೆ ಹೋಗುತ್ತದೆ; ಇಟಲಿ, ಜರ್ಮನಿ, ಬೆಲ್ಜಿಯಂಗಳು ದೊಡ್ಡ ಗಿರಾಕಿಗಳು. ಶತಮಾನದಿಂದ ಮರದ ನೆರಳಿನಲ್ಲಿ ಕಾಫಿ ಬೆಳೆಯುತ್ತಿರುವ ನಮಗೆ ಕಾಡು ಕಡಿದಿಲ್ಲವೆಂದು ತೋರಿಸುವುದು ಕಷ್ಟವಲ್ಲ. ಆದರೆ ಆ ಕಾಯಿದೆ ಬೆಳೆದ ದೇಶದ ಕಾನೂನಿನಂತೆ ಭೂಮಿಯ ಹಕ್ಕು ಇರಬೇಕೆಂದೂ ಕೇಳುತ್ತದೆ. ಅಲ್ಲಿ ನಮ್ಮ ಅಜ್ಜನ ಹೆಸರಿನ ಪಹಣಿ ಅಡ್ಡ ನಿಲ್ಲುತ್ತದೆ. ದೊಡ್ಡ ಎಸ್ಟೇಟಿನವರು ವಕೀಲರನ್ನೂ ಸರ್ವೆಯವರನ್ನೂ ಇಟ್ಟುಕೊಂಡು ಇದನ್ನು ದಾಟುತ್ತಾರೆ. ಸಣ್ಣವನ ಚೀಲ ಮಾತ್ರ ದರ ಕಡಿಮೆ ಇರುವ ಗುಡ್ಡೆಗೆ ಬೀಳುತ್ತದೆ.

ಆದುದರಿಂದ ತೋಟದ ಬೆಳೆಯ ತಾಲ್ಲೂಕುಗಳಲ್ಲಿ ಗ್ರಾಮವಾರು ಪೋಡಿ, ದುರಸ್ತಿ ಮತ್ತು ಪೌತಿ ಖಾತೆಯ ಆಂದೋಲನವನ್ನು ಗೊತ್ತಾದ ಅವಧಿಯೊಳಗೆ ಮುಗಿಸಬೇಕೆಂಬುದು ರಾಜ್ಯ ಸರಕಾರದ ಮುಂದೆ ನಮ್ಮ ಮೊದಲ ಬೇಡಿಕೆಯಾಗಬೇಕು. ಇದು ಪೂರ್ಣವಾಗಿ ರಾಜ್ಯದ ಕೈಯಲ್ಲೇ ಇರುವ ಕೆಲಸ. ದೆಹಲಿಯ ಕಡೆ ಬೆರಳು ತೋರಿಸಲು ಇಲ್ಲಿ ಅವಕಾಶವಿಲ್ಲ.

ಎರಡನೆಯದು: ರೈತನೋ, ಪ್ಲಾಂಟರೋ?

1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯಲ್ಲಿ ಏಲಕ್ಕಿ, ಕಾಫಿ, ಮೆಣಸು, ರಬ್ಬರ್, ಚಹಾಗಳನ್ನು ಪ್ಲಾಂಟೇಶನ್ ಬೆಳೆಗಳೆಂದು ಹೆಸರಿಸಲಾಗಿದೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಪ್ಲಾಂಟೇಶನ್ನುಗಳಿಗೆ ಭೂಮಿತಿಯಿಂದ ವಿನಾಯಿತಿ ದೊರೆಯಿತು. ಈ ವಿನಾಯಿತಿಯಿಂದ ಲಾಭವಾದುದು ಮಿತಿಯನ್ನು ಮೀರುವಷ್ಟು ಜಮೀನು ಇದ್ದವರಿಗೆ. ಮೂರು ಎಕರೆಯವನಿಗೆ ಭೂಮಿತಿಯ ಭಯ ಎಂದೂ ಇರಲಿಲ್ಲ; ವಿನಾಯಿತಿ ಅವನಿಗೆ ಏನನ್ನೂ ಉಳಿಸಿಕೊಡಲಿಲ್ಲ. ಆದರೆ ಪ್ಲಾಂಟರ್ ಎಂಬ ಹೆಸರು ಮಾತ್ರ ಅವನಿಗೂ ಅಂಟಿಕೊಂಡಿತು.

ಆ ಹೆಸರಿನ ಬೆಲೆಯನ್ನು ಅವನು ಈಗ ಕೊಡುತ್ತಿದ್ದಾನೆ. 2002ರ ಸರ್ಫೇಸಿ ಕಾಯಿದೆ ನ್ಯಾಯಾಲಯಕ್ಕೆ ಹೋಗದೆಯೇ ಅಡವಿಟ್ಟ ಆಸ್ತಿಯನ್ನು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿದೆ. ಅದೇ ಕಾಯಿದೆಯ 31ನೆಯ ಕಲಮು ಕೃಷಿ ಭೂಮಿಯನ್ನು ಇದರಿಂದ ಹೊರಗಿಟ್ಟಿದೆ. ಗದ್ದೆಗೆ ರಕ್ಷಣೆ ಇದೆ. ಕಾಫಿ ತೋಟದ ಮಾತು ಬಂದಾಗ ಇದು ವಾಣಿಜ್ಯ ಬೆಳೆ, ಕೃಷಿ ಭೂಮಿಯಲ್ಲ ಎಂಬ ವಾದವನ್ನು ಬ್ಯಾಂಕುಗಳು ಮುಂದಿಡುತ್ತಿವೆ. ಕಾಫಿ ಜಿಲ್ಲೆಗಳ ತೋಟಗಳ ಹರಾಜು ಪ್ರಕಟಣೆಗಳು ಪತ್ರಿಕೆಗಳಲ್ಲಿ ಬರುತ್ತಿರುವುದನ್ನು ನಾವೆಲ್ಲರೂ ನೋಡುತ್ತಿದ್ದೇವೆ. ಸಹಕಾರಿ ಬ್ಯಾಂಕುಗಳೂ ಈ ಕಾಯಿದೆಯನ್ನು ಬಳಸಬಹುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ಇದು ದೂರದ ಪೇಟೆಯ ಬ್ಯಾಂಕಿನ ವಿಷಯವಷ್ಟೇ ಎಂದು ಯಾರೂ ತಿಳಿಯಬೇಕಾಗಿಲ್ಲ.

ಸಾಲ ತೀರಿಸಬಾರದೆಂದು ನಾವು ಹೇಳುತ್ತಿಲ್ಲ. ಸಹಕಾರ ಸಂಘವೊಂದು ಆ ಮಾತನ್ನು ಹೇಳಿದರೆ ತಾನು ಕುಳಿತ ಕೊಂಬೆಯನ್ನೇ ಕಡಿದಂತೆ. ಸದಸ್ಯನ ಸಾಲ ಇನ್ನೊಬ್ಬ ಸದಸ್ಯನ ಠೇವಣಿ. ಆದರೆ ಬೆಳೆ ಹೋದ ವರ್ಷದ ಮರುವರ್ಷವೇ ತೋಟವನ್ನು ಹರಾಜಿಗೆ ಇಡುವುದು ವಸೂಲಿಯ ಮಾರ್ಗವಲ್ಲ. ತೋಟ ಗದ್ದೆಯಂತಲ್ಲ. ಗದ್ದೆಯಲ್ಲಿ ಒಂದು ಕಾರು ಹೋದರೆ ಮುಂದಿನ ಕಾರಿಗೆ ಬಿತ್ತಬಹುದು. ಕಾಂಡಕೊರಕ ಹೊಕ್ಕು ಕಿತ್ತ ಅರೇಬಿಕಾ ಗಿಡದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಅಡಿಕೆಗೆ ಐದರಿಂದ ಏಳು ವರ್ಷ. ಸಾಲದ ಕಂತು ಈ ಅವಧಿಯನ್ನು ನೋಡಿ ಗೊತ್ತಾಗಬೇಕು.

ಇಲ್ಲಿ ಕೇಂದ್ರ ಸರಕಾರದಲ್ಲಿ ನಾವು ಕೇಳಬೇಕಾದುದು ಒಂದು ವಾಕ್ಯದ ತಿದ್ದುಪಡಿ: ಸಣ್ಣ ಬೆಳೆಗಾರನ ಕಾಫಿ ತೋಟ ಕೃಷಿ ಭೂಮಿಯೇ ಎಂಬ ಸ್ಪಷ್ಟ ಮಾತು. ಅದಕ್ಕೆ ಎಕರೆಯ ಮಿತಿ ಇಡಲಿ, ನಮ್ಮ ಆಕ್ಷೇಪವಿಲ್ಲ. ದೊಡ್ಡ ಕಂಪನಿಗಳ ಸಾಲವನ್ನು ನಮ್ಮ ಹೆಸರಿನ ಮರೆಯಲ್ಲಿ ಉಳಿಸಿಕೊಡುವ ಉದ್ದೇಶ ನಮಗಿಲ್ಲ. ಅದು ಆಗುವವರೆಗೆ ಹರಾಜಿಗೆ ಮೊದಲು ಬೆಳೆಗಾರ, ಬ್ಯಾಂಕು ಮತ್ತು ಜಿಲ್ಲಾಡಳಿತ ಒಂದು ಮೇಜಿನ ಸುತ್ತ ಕುಳಿತು ಕಂತು ಮರುನಿಗದಿ ಮಾಡುವ ವ್ಯವಸ್ಥೆಯನ್ನು ರಾಜ್ಯ ಸರಕಾರ ಮಾಡಿಸಬಹುದು.

ಮೂರನೆಯದು: ಮಳೆಯ ಲೆಕ್ಕ

ಕಾಫಿಗೆ ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬೇಕು, ಅದಾಗಿ ಎರಡು ಮೂರು ವಾರಕ್ಕೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಹಣ್ಣು ಕುಯ್ಲಿನ ಹೊತ್ತಿಗೆ ಮಳೆ ಬೇಡ. ಅಡಿಕೆಗೆ ಆಷಾಢ ಶ್ರಾವಣದಲ್ಲಿ ಬಿಡದೆ ಹೊಡೆದರೆ ಕೊಳೆರೋಗ, ಬೇಸಿಗೆ ಉದ್ದವಾದರೆ ಸಿಂಗಾರ ಒಣಗುತ್ತದೆ. ನಮ್ಮ ಆದಾಯವನ್ನು ನಿರ್ಧರಿಸುವುದು ವರ್ಷದ ಸರಾಸರಿ ಮಳೆಯಲ್ಲ. ಯಾವ ವಾರ ಬಿತ್ತು ಎಂಬುದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು, 2019ರಲ್ಲಿ ಮೂಡಿಗೆರೆಯ ಕಡೆ ತೋಟಗಳು ಜಾರಿದವು, 2021ರ ನವೆಂಬರ್‌ನಲ್ಲಿ ಅಕಾಲದ ಮಳೆಗೆ ಕಣದಲ್ಲಿದ್ದ ಕಾಫಿ ಮುಗ್ಗಿತು, ಗಿಡದಲ್ಲಿದ್ದುದು ಉದುರಿತು.

ಇಂತಹ ಹಾನಿಗೆ ಪ್ರಕೃತಿ ವಿಕೋಪ ನಿಧಿಯಿಂದ ಸಿಗುವುದು ಎಷ್ಟು? 2022ರಿಂದ 2026ರ ಅವಧಿಗೆ ಕೇಂದ್ರ ಗೊತ್ತುಮಾಡಿದ ದರದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ, ಹಾನಿ ಶೇಕಡಾ 33ಕ್ಕೆ ಕಡಿಮೆ ಇರದಿದ್ದರೆ ಮಾತ್ರ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 9,100 ರೂಪಾಯಿ. ಬಿದ್ದ ಮರಗಳನ್ನು ಕಡಿದು ತೆರವು ಮಾಡುವ ಕೂಲಿಗೂ ಇದು ಸಾಲದೆಂಬುದು ಲೆಕ್ಕದ ಪುಸ್ತಕ ಇಟ್ಟ ಯಾರಿಗೂ ಗೊತ್ತು.

ಆದುದರಿಂದ ವಿಮೆಯೇ ನಮ್ಮ ದಾರಿ. ಅಡಿಕೆ ಮತ್ತು ಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ನಡೆಯುತ್ತಿದೆ. ವಿಮಾ ಮೊತ್ತದ ಶೇಕಡಾ 5ರಷ್ಟನ್ನು ಬೆಳೆಗಾರ ಕಟ್ಟಿದರೆ ಉಳಿದುದನ್ನು ಸರಕಾರಗಳು ಭರಿಸುತ್ತವೆ. ಬಹಳ ಸದಸ್ಯರಿಗೆ ಇದರಿಂದ ಉಪಕಾರವಾಗಿದೆ. ಆದರೆ ಇಡೀ ಯೋಜನೆ ನಿಂತಿರುವುದು ಗ್ರಾಮ ಪಂಚಾಯತಿಯ ಒಂದು ಮಳೆಮಾಪಕದ ಮೇಲೆ. ಅದು ಕೆಟ್ಟು ನಿಂತಿದ್ದರೆ, ಮರದ ಕೆಳಗೆ ಇದ್ದರೆ, ನೆರೆಯ ಪಂಚಾಯತಿಯ ಲೆಕ್ಕವನ್ನು ತಂದು ಹಚ್ಚಿದರೆ ಪರಿಹಾರ ತಪ್ಪುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅದೇ ಮಲೆನಾಡಿನ ಅಂಚಿನ ಚಿಕ್ಕಮಗಳೂರು ಪಟ್ಟಣದಲ್ಲಿ 1,000 ಮಿಲಿಮೀಟರಿನ ಆಸುಪಾಸು. ಒಂದು ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಅಜಗಜಾಂತರವಿರುವ ನಮ್ಮ ಸೀಮೆಯಲ್ಲಿ ಪಕ್ಕದೂರಿನ ಮಳೆಯಿಂದ ನಮ್ಮೂರಿನ ನಷ್ಟವನ್ನು ಅಳೆಯುವುದು ನ್ಯಾಯವಲ್ಲ.

ಕಾಫಿಗೆ 2007ರಲ್ಲಿ ಕಾಫಿ ಮಂಡಳಿಯು ಕೃಷಿ ವಿಮಾ ಕಂಪನಿಯ ಜೊತೆ ಸೇರಿ ಹೂಮಳೆ, ಹಿಂಮಳೆ, ಮುಂಗಾರುಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕುವ ಮಳೆ ವಿಮೆಯನ್ನು ತಂದಿತ್ತು. ಬೆಳೆಯ ಸ್ವಭಾವ ಬಲ್ಲವರು ಮಾಡಿದ ಯೋಜನೆ ಅದು. ಅಂತಹ ವಿಮೆ ಕಾಫಿಗೆ ವರ್ಷ ವರ್ಷವೂ ತಪ್ಪದೆ ದೊರೆಯಬೇಕು, ಒಂದು ತೋಟದ ಎಲ್ಲ ಬೆಳೆಗಳಿಗೂ ಒಂದೇ ಅರ್ಜಿ ಇರಬೇಕು, ಪಂಚಾಯತಿಗೆ ಕಡಿಮೆಯೆಂದರೆ ಎರಡು ಸುಸ್ಥಿತಿಯ ಮಳೆಮಾಪಕಗಳಿರಬೇಕು, ಅವುಗಳ ದಿನದಿನದ ಲೆಕ್ಕ ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಎಲ್ಲರೂ ನೋಡುವಂತೆ ಬರೆದಿರಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ; ಉಸ್ತುವಾರಿ ಬೇಕು.

ನಾಲ್ಕನೆಯದು: ರೋಗಕ್ಕೆ ಮದ್ದು

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಮಲೆನಾಡಿನ ತೋಟಗಳಲ್ಲಿ ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅವರೇ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕಾಲದಲ್ಲಿ, 1925ರಲ್ಲಿ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಅಂದು ಅಡಿಕೆಯೂ ಕಾಫಿಯೂ ಒಂದೇ ಇಲಾಖೆಯ ಕಣ್ಣಿನಲ್ಲಿದ್ದವು. ಇಂದು ಕಾಫಿಯ ಸಂಶೋಧನೆ ಬಾಳೆಹೊನ್ನೂರಿನಲ್ಲಿ, ಅಡಿಕೆಯದು ಕಾಸರಗೋಡು ವಿಟ್ಲಗಳಲ್ಲಿ. ಎರಡಕ್ಕೂ ದೆಹಲಿಯಲ್ಲಿ ಬೇರೆ ಬೇರೆ ಸಚಿವಾಲಯ. ಎರಡೂ ಕಡೆಯ ವಿಜ್ಞಾನಿಗಳ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಎರಡೂ ಬೆಳೆ ಇರುವ ಒಂದು ತೋಟದಲ್ಲಿ ಎರಡೂ ಕಡೆಯವರು ಒಟ್ಟಿಗೆ ನಿಂತು ನೋಡುವುದು ಅಪರೂಪ.

ನೂರು ವರ್ಷ ಕಳೆದರೂ ಕೊಳೆರೋಗಕ್ಕೆ ನಮ್ಮ ಕೈಯಲ್ಲಿರುವುದು ಅದೇ ಮೈಲುತುತ್ತು, ಅದೇ ಸುಣ್ಣ: ನೂರು ಲೀಟರ್ ನೀರಿಗೆ ಒಂದೊಂದು ಕಿಲೋ. ಹಳದಿ ಎಲೆ ರೋಗವನ್ನು 1914ರ ಸುಮಾರಿಗೇ ಕೇರಳದಲ್ಲಿ ಗುರುತಿಸಿದ್ದರು. ಇಂದಿಗೂ ಅದಕ್ಕೆ ಮದ್ದಿಲ್ಲ. ಸುಳ್ಯದ ಸಂಪಾಜೆ, ಅರಂತೋಡು ಕಡೆಗಳಲ್ಲಿಯೂ ಶೃಂಗೇರಿ, ಕೊಪ್ಪ ಕಡೆಗಳಲ್ಲಿಯೂ ತಲೆಮಾರಿನ ತೋಟಗಳು ಹಳದಿಗೆ ತಿರುಗಿ ಬರಿದಾದುದನ್ನು ಕಂಡವರಿದ್ದಾರೆ. ಅದರ ಮೇಲೆ ಇತ್ತೀಚಿನ ವರ್ಷಗಳಲ್ಲಿ ಕಳಸದಿಂದ ತೀರ್ಥಹಳ್ಳಿಯವರೆಗೆ ಎಲೆಚುಕ್ಕಿ ರೋಗ ಹಬ್ಬಿದೆ. ನಲವತ್ತು ಐವತ್ತು ಅಡಿ ಎತ್ತರದ ಮರದ ಸೋಗೆಗೆ ಮದ್ದು ಹೊಡೆಯಲು ಕೊನೆಗಾರರೇ ಸಿಗದ ಕಾಲದಲ್ಲಿ ಈ ರೋಗ ಬಂದಿದೆ.

ಇಲ್ಲಿ ನಾವು ಕೇಳಬೇಕಾದುದು ಒಂದು ವರ್ಷದ ಔಷಧದ ಸಹಾಯಧನವನ್ನಲ್ಲ. ರೋಗ ತಡೆಯುವ ತಳಿಯ ಸಸಿಗಳನ್ನು ಬೆಳೆಸುವ ದೀರ್ಘಾವಧಿಯ ಕೆಲಸಕ್ಕೆ ನಿಲ್ಲದ ಹಣ, ರೋಗ ಬಂದ ತೋಟದಲ್ಲಿ ಮರ ತೆಗೆದು ಬೇರೆ ಬೆಳೆ ಕಟ್ಟುವವನಿಗೆ ಫಲ ಬರುವವರೆಗಿನ ಆಸರೆ, ಪ್ರತಿ ತೋಟದ ತಾಲ್ಲೂಕಿನಲ್ಲಿ ಮಣ್ಣು ಮತ್ತು ರೋಗ ಪರೀಕ್ಷೆಯ ಒಂದು ಕೇಂದ್ರ, ಇವು ಮುಖ್ಯ. ಹಣ ಚುನಾವಣೆಯ ವರ್ಷಕ್ಕೆ ಬಂದು ಮರುವರ್ಷ ನಿಂತರೆ ತಳಿ ಬೆಳೆಯುವುದಿಲ್ಲ.

ಐದನೆಯದು: ಬೆಲೆ

ಬೆಲೆಯನ್ನು ಕೊನೆಯಲ್ಲಿ ಇಟ್ಟುದಕ್ಕೆ ಕೆಲವರು ಮುನಿಯಬಹುದು. ಬೆಲೆ ಮುಖ್ಯವಲ್ಲವೆಂದಲ್ಲ, ಸರಕಾರದ ಕೈಯಲ್ಲಿ ಅದು ಕಡಿಮೆ ಇದೆ ಎಂಬುದಕ್ಕಾಗಿ. ಕಾಫಿಯ ಬೆಲೆ ಲಂಡನ್, ನ್ಯೂಯಾರ್ಕ್ ಪೇಟೆಗಳಲ್ಲಿ ಗೊತ್ತಾಗುತ್ತದೆ. ಅಡಿಕೆಯ ವಿಷಯದಲ್ಲಿ ಸರಕಾರ ಮಾಡಬಹುದಾದುದು ಆಮದಿನ ತಡೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದು ಒಳ್ಳೆಯ ಕೆಲಸ. ಅದಕ್ಕೆ ಮೊದಲು, 2022ರಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಆ ನಿಬಂಧನೆಯಿಂದ ವಿನಾಯಿತಿ ಕೊಟ್ಟದ್ದೂ ಇದೇ ಸರಕಾರ. ಗಡಿಯಲ್ಲಿ ಕಳ್ಳದಾರಿ ಮುಚ್ಚದೆ ಕಾಗದದ ಮೇಲೆ ಬೆಲೆ ಏರಿಸಿದರೆ ಕಳ್ಳಸಾಗಣೆಯವನ ಲಾಭವೂ ಏರುತ್ತದೆ ಎಂಬುದನ್ನು ನೆನಪಿಡಬೇಕು.

ಆದರೆ ಆಮದಿಗಿಂತ ಹೆಚ್ಚು ಚಿಂತಿಸಬೇಕಾದುದು ನಮ್ಮ ರಾಜ್ಯದೊಳಗೇ ಇದೆ. ಅಡಿಕೆ ಇಂದು ಮಲೆನಾಡು ಕರಾವಳಿಗಳ ಬೆಳೆಯಷ್ಟೇ ಅಲ್ಲ. ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಬಯಲಿನಲ್ಲಿ ಕೊಳವೆಬಾವಿಯ ನೀರಿಗೆ ತೋಟಗಳು ಏಳುತ್ತಿವೆ. ಬಯಲುಸೀಮೆಯ ರೈತನನ್ನು ನಾವು ದೂರುವಂತಿಲ್ಲ. ನಾಲ್ಕು ಕಾಸು ಬರುವ ಬೆಳೆಯನ್ನು ಅವನೂ ಬೆಳೆಯುತ್ತಾನೆ. ಆದರೆ ಇವತ್ತು ನೆಟ್ಟ ಸಸಿಗಳೆಲ್ಲ ಗೊನೆ ಬಿಡುವ ದಿನ ಪೇಟೆಗೆ ಎಷ್ಟು ಅಡಿಕೆ ಬರುತ್ತದೆಂದು ಲೆಕ್ಕ ಹಾಕುವ ಹೊಣೆ ತೋಟಗಾರಿಕೆ ಇಲಾಖೆಯದು. ಕೊಳವೆಬಾವಿ ಬತ್ತಿದ ಮೇಲೆ ಅವನಿಗೂ ಕಷ್ಟ, ದರ ಕುಸಿದ ಮೇಲೆ ನಮಗೂ ಕಷ್ಟ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ನಮ್ಮ ಶುಭಕಾರ್ಯದ ವಸ್ತು, ನಮ್ಮ ಅನ್ನ. ಆದರೂ ಆ ವರದಿ ಇಲ್ಲವೆಂಬಂತೆ ನಡೆದುಕೊಂಡರೆ ಅದು ಇಲ್ಲವಾಗುವುದಿಲ್ಲ. ಬಳಕೆಯ ಮೇಲೆ ಒತ್ತಡ ಮುಂದೆ ಹೆಚ್ಚಬಹುದೇ ಹೊರತು ಕಡಿಮೆಯಾಗಲಾರದು. ಒಂದೇ ಬೆಳೆಯನ್ನು ನಂಬಿದ ತೋಟಕ್ಕೆ ಇದು ದೊಡ್ಡ ಅಪಾಯ. ಮೆಣಸು, ಕೋಕೋ, ಕಾಫಿ, ಜಾಯಿಕಾಯಿ ಜೊತೆಗಿದ್ದ ತೋಟ ಇಂತಹ ಪೆಟ್ಟನ್ನು ತಡೆದೀತು. ತೋಟವನ್ನು ಒಂದಾಗಿ ನೋಡುವ ನೀತಿ ಬೇಕೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗಲೇ ಏಕೆ?

2024 ಮತ್ತು 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂದಿತು. ಇಂತಹ ಹೊತ್ತಿನಲ್ಲಿ ನೀತಿಯ ಮಾತು ಯಾರಿಗೆ ಬೇಕು ಎನ್ನುವವರಿದ್ದಾರೆ. ಅವರು 1994ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಬ್ರೆಜಿಲಿನಲ್ಲಿ ಹಿಮ ಬಿದ್ದು ದರ ಗಗನಕ್ಕೆ ಏರಿತು. 1942ರ ಕಾಯಿದೆಯಿಂದ ಬಂದಿದ್ದ ಸಂಗ್ರಹ ವ್ಯವಸ್ಥೆ 1992ರಿಂದ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಮುಗಿಯಿತು. ಮಾರುವ ಸ್ವಾತಂತ್ರ್ಯವೂ ಒಳ್ಳೆಯ ದರವೂ ಒಟ್ಟಿಗೆ ಬಂದವು. ಆ ಹಣದ ಧೈರ್ಯದ ಮೇಲೆ ಸಾಲ ಮಾಡಿ ತೋಟ ವಿಸ್ತರಿಸಿದವರು ಹಲವರು. ನಾಲ್ಕೈದು ವರ್ಷದಲ್ಲಿ, 2001–02ರ ಹೊತ್ತಿಗೆ, ದರ ಪಾತಾಳಕ್ಕೆ ಇಳಿಯಿತು. ಕೇಂದ್ರ ಸರಕಾರದ ಕಾಫಿ ಸಾಲ ಪರಿಹಾರ ಯೋಜನೆ ಬಂದುದು 2010ರಲ್ಲಿ. ಆ ನಡುವಿನ ವರ್ಷಗಳಲ್ಲಿ ಎಷ್ಟೋ ತೋಟಗಳು ಕೈ ಬದಲಾದವು.

ಗಾಳಿ ಬಂದಾಗ ತೂರಿಕೋ ಎಂದರು ಹಿರಿಯರು. ಬೆಲೆ ಬಿದ್ದ ಮೇಲೆ ನಾವು ಸರಕಾರದ ಮುಂದೆ ನಿಂತರೆ ಕೇಳುವುದು ಅಂದಿನ ಊಟವನ್ನು. ಬೆಲೆ ಇದ್ದಾಗ ನಿಂತರೆ ಕಾನೂನನ್ನು ಕೇಳಬಹುದು. ಪೋಡಿಗೂ ವಿಮೆಗೂ ಸಂಶೋಧನೆಗೂ ಸಮಯ ಬೇಕು. ಆ ಸಮಯ ಈಗ ಇದೆ.

ನಮ್ಮ ಪಾಲಿನ ಕೆಲಸ

ಎಲ್ಲವನ್ನೂ ಸರಕಾರದ ಮೇಲೆ ಹಾಕುವುದು ಸಹಕಾರಿಗಳ ಪದ್ಧತಿಯಲ್ಲ. ಸಿರಸಿಯ ತೋಟಗಾರರು 1923ರಲ್ಲಿ, ಶಿವಮೊಗ್ಗದ ಕಡೆಯವರು 1939ರಲ್ಲಿ ಮಾರಾಟ ಸಂಘ ಕಟ್ಟಿಕೊಂಡಾಗ ಯಾವ ಸರಕಾರವೂ ಅವರನ್ನು ಕೈಹಿಡಿದು ಕರೆದುಕೊಂಡು ಹೋಗಲಿಲ್ಲ. ಅಡಿಕೆಯ ದರ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಕೇರಳಗಳ ಬೆಳೆಗಾರರನ್ನು ಸೇರಿಸಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೋಕೋ ಕೊಳ್ಳುವವರಿಲ್ಲದೆ ಬೆಳೆಗಾರರು ಕೈಕಟ್ಟಿ ಕುಳಿತಿದ್ದಾಗ ಅದೇ ಸಂಸ್ಥೆ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅವರು ಬೆಳೆಯೊಂದನ್ನೇ ನೋಡಲಿಲ್ಲ, ಬೆಳೆಗಾರನ ತೋಟದಲ್ಲಿ ಇನ್ನೇನಿದೆ ಎಂದು ನೋಡಿದರು.

ಆ ದಾರಿಯಲ್ಲಿ ನಾವು ಒಂದು ಸಣ್ಣ, ಖರ್ಚಿಲ್ಲದ ಸಲಹೆಯನ್ನು ಮುಂದಿಡುತ್ತೇವೆ. ತಿಂಗಳಿಗೊಂದು ಗೊತ್ತಾದ ದಿನ ಕಾಫಿ ಮಂಡಳಿ, ಸಂಬಾರ ಮಂಡಳಿ, ತೋಟಗಾರಿಕೆ ಇಲಾಖೆ ಮತ್ತು ಕಂದಾಯ ಇಲಾಖೆಯವರು ಹೋಬಳಿಯ ಸಹಕಾರ ಸಂಘದ ಕಟ್ಟಡದಲ್ಲಿ ಒಟ್ಟಿಗೆ ಕುಳಿತುಕೊಳ್ಳಲಿ. ಜಾಗ, ಬೆಂಚು, ಕಾಫಿ ನಾವು ಕೊಡೋಣ. ಫ್ರೂಟ್ಸ್ ಸಂಖ್ಯೆಯ ಆಧಾರದ ಮೇಲೆ ಪ್ರತಿ ತೋಟಕ್ಕೂ ಒಂದೇ ಕಡತ ಇರಲಿ: ವಿಸ್ತೀರ್ಣ, ಎಲ್ಲ ಬೆಳೆಗಳು, ಭೂಪಟದ ಗುರುತು, ವಿಮೆ, ಸಾಲ. ಇದಕ್ಕೆ ವಿಧಾನಸಭೆಯಲ್ಲಿ ಮಸೂದೆ ಬೇಡ. ಒಂದು ಸುತ್ತೋಲೆ ಸಾಕು. ನಾಲ್ಕು ಕಚೇರಿಯ ಅಲೆದಾಟದಲ್ಲಿ ಸಣ್ಣ ಬೆಳೆಗಾರ ಕಳೆದುಕೊಳ್ಳುವ ದಿನಗೂಲಿಯೇ ಒಂದು ದೊಡ್ಡ ತೆರಿಗೆ. ಅದನ್ನು ಮೊದಲು ಮನ್ನಾ ಮಾಡಿಸೋಣ.

ಸದಸ್ಯ ಬಂಧುಗಳು ತಮ್ಮ ಮಟ್ಟದಲ್ಲಿ ಮೂರು ಕೆಲಸ ಮಾಡಬೇಕೆಂದು ಕೋರುತ್ತೇವೆ. ತಮ್ಮ ಪಹಣಿಯನ್ನು ತೆಗೆಸಿ, ಹೆಸರು, ವಿಸ್ತೀರ್ಣ, ಬೆಳೆಯ ಕಲಮುಗಳನ್ನು ಓದಿ ನೋಡಬೇಕು. ಬೆಳೆ ಸಮೀಕ್ಷೆಗೆ ಬಂದವರ ಜೊತೆ ಖುದ್ದಾಗಿ ತೋಟದಲ್ಲಿ ನಿಂತು ಅಂತರಬೆಳೆಗಳನ್ನೂ ಬರೆಸಬೇಕು. ಪಂಚಾಯತಿಯ ಮಳೆಮಾಪಕ ನಡೆಯುತ್ತಿದೆಯೇ ಎಂದು ಮುಂಗಾರಿಗೆ ಮೊದಲು ಹೋಗಿ ನೋಡಿ, ನಿಂತಿದ್ದರೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು.

ಮುಂದಿನ ಮಹಾಸಭೆಯಲ್ಲಿ ಈ ಐದು ಆದ್ಯತೆಗಳು ಇದೇ ಕ್ರಮದಲ್ಲಿ ನಿರ್ಣಯವಾಗಿ ಬರಬೇಕೆಂಬುದು ನಮ್ಮ ಅಪೇಕ್ಷೆ. ಕ್ರಮ ಬೇರೆ ಇರಬೇಕೆನ್ನುವವರು ಸಭೆಗೆ ಬಂದು ವಾದಿಸಲಿ, ಅದು ಸ್ವಾಗತಾರ್ಹ. ಆದರೆ ಸಭೆ ಒಪ್ಪಿದ ಮೇಲೆ ಶಾಸಕರ ಮುಂದೆ, ಸಂಸದರ ಮುಂದೆ, ಮತ ಕೇಳಲು ಬರುವ ಎಲ್ಲ ಪಕ್ಷದವರ ಮುಂದೆ ನಮ್ಮೆಲ್ಲರ ಮಾತು ಒಂದೇ ಆಗಿರಬೇಕು.